ಅತಿಯಾಗಿ ದುಡಿಯುವ ಥೈರಾಯ್ಡ್ ಗಂಟು: ಚಿಕಿತ್ಸೆಗಳನ್ನು ಹೋಲಿಸುವ ಕ್ರಮ

ಮಾತ್ರೆಯೋ, ವಿಕಿರಣಶೀಲ ಅಯೋಡಿನ್ ಡೋಸೋ, ಆಪರೇಷನ್ನೋ ಎಂದು ಕೇಳಿಕೊಂಡು ಬರುವವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ತಮ್ಮದು ಯಾವ ಬಗೆಯ ಥೈರಾಯ್ಡ್ ತೊಂದರೆ ಎಂಬುದು ಇತ್ಯರ್ಥವಾಗುವ ಮೊದಲೇ ಅವರು ಚಿಕಿತ್ಸೆಗಳನ್ನು ತೂಗಿ ನೋಡಲು ಕುಳಿತಿರುತ್ತಾರೆ. ಅತ್ತಿಗೆಯೊಬ್ಬರು ಹಾರ್ಮೋನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆಯನ್ನು ಹದಿನೆಂಟು ತಿಂಗಳು ತೆಗೆದುಕೊಂಡು ನಿಲ್ಲಿಸಿದ ಮೇಲೆ ಚೆನ್ನಾಗಿದ್ದಾರೆಂದು ಕೇಳಿ, ತಾವೂ ಅದೇ ಹದಿನೆಂಟು ತಿಂಗಳನ್ನು ಎಣಿಸುತ್ತಾರೆ. ಮಾತ್ರೆ ಬಿಟ್ಟ ಮೇಲೆ ಎದೆಬಡಿತ, ಬೆವರು, ಕೈನಡುಕ ಮರಳಿದಾಗ ವೈದ್ಯರನ್ನೇ ಬದಲಾಯಿಸುತ್ತಾರೆ. ಅತ್ತಿಗೆಗೆ ಇದ್ದದ್ದು ಗ್ರೇವ್ಸ್ ಕಾಯಿಲೆ (ದೇಹದ ಪ್ರತಿಕಾಯಗಳೇ ಇಡೀ ಗ್ರಂಥಿಯನ್ನು ಕೆರಳಿಸುವ ತೊಂದರೆ), ಇವರಿಗೆ ಇರುವುದು ಗಂಟು. ಎರಡರಲ್ಲೂ ಹಾರ್ಮೋನು ಹೆಚ್ಚುತ್ತದೆ, ಆದರೆ ಎರಡೂ ವಾಸಿಯಾಗುವ ದಾರಿ ಬೇರೆ.

ಈ ಬರಹ ಎರಡು ಬಗೆಯ ರೋಗಿಗಳಿಗಾಗಿ ಇದೆ: ಕತ್ತಿನಲ್ಲಿ ಒಂದೇ ಗಂಟು ಸ್ವತಂತ್ರವಾಗಿ ಹಾರ್ಮೋನು ಉತ್ಪಾದಿಸುತ್ತಿರುವವರು ಮತ್ತು ಹಲವು ಗಂಟುಗಳಿರುವ ಹಳೆಯ ಗಳಗಂಡ ಕ್ರಮೇಣ ಅತಿಯಾಗಿ ದುಡಿಯಲಾರಂಭಿಸಿರುವವರು. ಡೋಸ್ ಮತ್ತು ಅಂತಿಮ ನಿರ್ಧಾರ ನಿಮ್ಮ ವೈದ್ಯರದೇ. ಅವರ ಮುಂದೆ ಕೂರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಿರಬೇಕು, ಯಾವುದನ್ನು ಯಾವುದರ ನಂತರ ಕೇಳಬೇಕು ಎಂಬುದು ಇಲ್ಲಿನ ವಿಷಯ.

## ಮೊದಲು ಕಟ್ಟಿಕೊಳ್ಳಬೇಕಾದ ಫೈಲು

ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಇವನ್ನು ಜೋಡಿಸಿಡಿ: ಟಿಎಸ್‌ಎಚ್, ಫ್ರೀ ಟಿ4 ಮತ್ತು ಟಿ3 ವರದಿಗಳು (ಮೊದಲನೆಯದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕೊಡುವ ಅಪ್ಪಣೆ, ಉಳಿದೆರಡು ಥೈರಾಯ್ಡ್ ಮಾಡುವ ಹಾರ್ಮೋನುಗಳು), ಕತ್ತಿನ ಅಲ್ಟ್ರಾಸೌಂಡ್ ವರದಿ, ಥೈರಾಯ್ಡ್ ಸ್ಕ್ಯಾನ್ ಆಗಿದ್ದರೆ ವರದಿಯ ಜೊತೆಗೆ ಅದರ ಚಿತ್ರ, ಇಸಿಜಿ, ಈಗ ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿ. ಮನೆಯಲ್ಲಿ ಬಿಪಿ ನೋಡುವ ಯಂತ್ರವಿದ್ದರೆ ಬೆಳಿಗ್ಗೆ ಏಳುವ ಮುನ್ನದ ನಾಡಿಬಡಿತವನ್ನು ಒಂದು ವಾರ ಬರೆದಿಡಿ. ಇಲ್ಲದಿದ್ದರೆ ಮಣಿಕಟ್ಟಿನ ಮೇಲೆ ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿದರೂ ಸಾಕು.

ಔಷಧಿಗಳ ಪಟ್ಟಿಯಲ್ಲಿ “ಥೈರಾಯ್ಡ್ ಮಾತ್ರೆ” ಎಂದಷ್ಟೇ ಬರೆಯಬೇಡಿ. ನಮ್ಮಲ್ಲಿ ಎಲ್ಟ್ರಾಕ್ಸಿನ್, ಥೈರೋನಾರ್ಮ್‌ಗಳಿಗೂ ನಿಯೋಮರ್ಕಜೋಲ್‌ಗೂ ಇದೊಂದೇ ಹೆಸರು ನಡೆಯುತ್ತದೆ. ಮೊದಲಿನವು ಥೈರಾಕ್ಸಿನ್ ಎಂಬ ಹಾರ್ಮೋನನ್ನೇ ಕೊಡುತ್ತವೆ, ಕೊನೆಯದು, ಅಂದರೆ ಕಾರ್ಬಿಮಜೋಲ್, ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ. ಥೈರಾಕ್ಸಿನ್ ಮಾತ್ರೆಯ ಪ್ರಮಾಣ ಹೆಚ್ಚಾಗಿ ಟಿಎಸ್‌ಎಚ್ ಇಳಿದಿರುವವರು, ಕತ್ತಿನಲ್ಲಿ ಯಾವುದೋ ನಿರುಪದ್ರವಿ ಗಂಟು ಕಂಡಿತೆಂದು ಅದನ್ನೇ ದೂರುವುದೂ ಉಂಟು.

## ಹಂತ 1: ಕಾಯಿಲೆ ಗಂಟಿನದ್ದೇ ಎಂದು ಖಚಿತಪಡಿಸಿಕೊಳ್ಳಿ

ಟಿಎಸ್‌ಎಚ್ ಸಾಮಾನ್ಯವಾಗಿ ಸುಮಾರು 0.4ರಿಂದ 4ರ ನಡುವೆ ಇರುತ್ತದೆ. ಗ್ರಂಥಿ ಅತಿಯಾಗಿ ದುಡಿದಾಗ ಅದು ಕೆಳಗಿಳಿಯುತ್ತದೆ, ಹಲವರಲ್ಲಿ 0.1ಕ್ಕಿಂತಲೂ ಕಡಿಮೆಯಾಗುತ್ತದೆ. ಟಿಎಸ್‌ಎಚ್ ಮತ್ತು ಟಿ4 ಮಾತ್ರ ನೋಡಿ ಸುಮ್ಮನಾಗಬಾರದು. ಗಂಟಿನ ಕಾಯಿಲೆಯಲ್ಲಿ ಟಿ4 ಸರಿಯಾಗಿದ್ದು ಟಿ3 ಮಾತ್ರ ಏರಿರುವ ಸ್ಥಿತಿ ಅಪರೂಪವಲ್ಲ.

ಹಾರ್ಮೋನು ಹೆಚ್ಚಿದೆ ಎಂದಾದ ಮೇಲೆ ಅದು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಅಲ್ಟ್ರಾಸೌಂಡ್ ಉತ್ತರ ಕೊಡಲಾರದು. ಗಂಟು ಎಲ್ಲಿದೆ, ಎಷ್ಟು ದೊಡ್ಡದು, ಘನವೇ ನೀರು ತುಂಬಿದ್ದೇ ಎಂಬುದನ್ನು ಅದು ಹೇಳುತ್ತದೆ; ಆ ಗಂಟು ದುಡಿಯುತ್ತಿದೆಯೇ ಸುಮ್ಮನೆ ಕುಳಿತಿದೆಯೇ ಎಂಬುದನ್ನು ಹೇಳುವುದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನೀಶಿಯಂ ಅಥವಾ ಅಯೋಡಿನ್ ಬಳಸಿ ಮಾಡುವ ಸ್ಕ್ಯಾನ್. ಆ ಚಿತ್ರದಲ್ಲಿ ಒಂದೇ ಕಡೆ ಗಾಢವಾಗಿ ಕಂಡು ಉಳಿದ ಗ್ರಂಥಿ ಮಸುಕಾಗಿದ್ದರೆ ಅದು “ಹಾಟ್” ಗಂಟು. ಅಲ್ಲಲ್ಲಿ ತೇಪೆ ಹಾಕಿದಂತೆ ಕಂಡರೆ ಹಲವು ಗಂಟುಗಳ ಗಳಗಂಡ. ಇಡೀ ಗ್ರಂಥಿ ಒಂದೇ ಸಮನೆ ಗಾಢವಾಗಿದ್ದರೆ ಗ್ರೇವ್ಸ್. ಎಲ್ಲೂ ಏನೂ ಹೀರದೆ ಬಿಳಿಚಿಕೊಂಡಿದ್ದರೆ ಗ್ರಂಥಿಯ ಉರಿಯೂತವಿರಬಹುದು. ಅದು ಬಹುಮಟ್ಟಿಗೆ ತಾನಾಗಿ ಇಳಿಯುವಂಥದ್ದು, ಈ ಬರಹದ ಯಾವ ಚಿಕಿತ್ಸೆಯೂ ಅದಕ್ಕೆ ಅನ್ವಯಿಸುವುದಿಲ್ಲ. ಗ್ರೇವ್ಸ್‌ನ ಅನುಮಾನವಿದ್ದರೆ ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿಯ (ಗ್ರಂಥಿಯನ್ನು ಕೆರಳಿಸುವ ಪ್ರತಿಕಾಯದ) ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ.

ಈ ಹಂತದಲ್ಲಿ ಪದೇ ಪದೇ ಆಗುವ ತಪ್ಪುಗಳು ಹೀಗಿವೆ.

ಕೂದಲು, ಉಗುರಿಗೆಂದು ಸೇವಿಸುವ ಬಯೋಟಿನ್ ಮಾತ್ರೆ ಹಲವು ಪ್ರಯೋಗಾಲಯಗಳ ಪರೀಕ್ಷಾವಿಧಾನವನ್ನೇ ದಾರಿ ತಪ್ಪಿಸಿ, ಏನೂ ಇಲ್ಲದವರಿಗೂ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ತೋರಿಸಬಲ್ಲದು. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು. ಪ್ರಮಾಣ ಹೆಚ್ಚಿದ್ದರೆ ಇನ್ನೂ ಮೊದಲೇ.

ಸಿಟಿ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ ವೇಳೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್‌ನಲ್ಲಿ ಅಯೋಡಿನ್ ತುಂಬಿರುತ್ತದೆ. ಅದಾದ ಒಂದೆರಡು ತಿಂಗಳು ಥೈರಾಯ್ಡ್ ಸ್ಕ್ಯಾನ್ ನಂಬಲರ್ಹವಾಗಿರುವುದಿಲ್ಲ, ಜೊತೆಗೆ ದುಡಿಯುವ ಗಂಟಿರುವವರಲ್ಲಿ ಆ ಅಯೋಡಿನ್ನೇ ಕಾಯಿಲೆಯನ್ನು ಕೆರಳಿಸಬಹುದು. ಹೃದಯದ ಲಯಕ್ಕೆ ಕೊಡುವ ಅಮಿಯೋಡರೋನ್ ಮಾತ್ರೆಯ ಪರಿಣಾಮ ತಿಂಗಳುಗಟ್ಟಲೆ ಉಳಿಯುತ್ತದೆ. ಇವೆರಡನ್ನೂ ಸ್ಕ್ಯಾನಿಗೆ ದಿನ ಗೊತ್ತುಮಾಡುವಾಗಲೇ ಹೇಳಬೇಕು.

ಕಾರ್ಬಿಮಜೋಲ್ ಶುರುಮಾಡಿ ಟಿಎಸ್‌ಎಚ್ ಮಾಮೂಲಿಗೆ ಬಂದ ಮೇಲೆ ಸ್ಕ್ಯಾನ್ ಮಾಡಿಸುವುದು ಇನ್ನೊಂದು ತಪ್ಪು. ಟಿಎಸ್‌ಎಚ್ ಏರಿದೊಡನೆ ಅಲ್ಲಿಯವರೆಗೆ ಮಲಗಿದ್ದ ಆರೋಗ್ಯವಂತ ಭಾಗವೂ ಎಚ್ಚೆತ್ತು ಹೀರತೊಡಗುತ್ತದೆ, ಚಿತ್ರ ಕಲಸಿಹೋಗುತ್ತದೆ. ಸಾಧ್ಯವಾದಷ್ಟೂ ಟಿಎಸ್‌ಎಚ್ ತಗ್ಗಿರುವಾಗಲೇ ಸ್ಕ್ಯಾನ್ ಆಗಬೇಕು. ಹಾಗೆಯೇ ಕತ್ತಿನ ಸರ, ಮಾಂಗಲ್ಯಗಳು ಗ್ರಂಥಿಯ ಮೇಲೆ ಬಿದ್ದರೆ ಲೋಹದ ನೆರಳು ಚಿತ್ರದಲ್ಲಿ ಮೂಡುತ್ತದೆ. ತೆಗೆಯಲು ಹೇಳಿದರೆ ಹಿಂಜರಿಯಬೇಡಿ.

ಸೂಜಿ ಪರೀಕ್ಷೆಯ ಬಗ್ಗೆ ಒಂದು ಮಾತು. ಹಾಟ್ ಗಂಟಿನಲ್ಲಿ ಕ್ಯಾನ್ಸರ್ ಬಹಳ ಅಪರೂಪ. ಅಲ್ಲಿಂದ ತೆಗೆದ ಜೀವಕೋಶಗಳು ನಿರುಪದ್ರವಿಯಾಗಿದ್ದರೂ ಅನುಮಾನಾಸ್ಪದವಾಗಿ ಕಾಣುವ ಸಂಭವವಿರುವುದರಿಂದ ಸಾಮಾನ್ಯವಾಗಿ ಸೂಜಿ ಚುಚ್ಚುವುದಿಲ್ಲ. ಆದರೆ ಹಲವು ಗಂಟುಗಳಿರುವವರಲ್ಲಿ ದುಡಿಯದ “ಕೋಲ್ಡ್” ಗಂಟೊಂದು ಅಲ್ಟ್ರಾಸೌಂಡಿನಲ್ಲಿ ಅನುಮಾನ ಹುಟ್ಟಿಸಿದರೆ ಅದರ ಪರೀಕ್ಷೆ ಚಿಕಿತ್ಸೆ ಆರಿಸುವ ಮೊದಲೇ ಮುಗಿದಿರಬೇಕು. ಅಯೋಡಿನ್ ಡೋಸ್ ತೆಗೆದುಕೊಂಡ ಮೇಲೆ ಪಕ್ಕದ ಗಂಟಿನಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದು ಆಪರೇಷನ್ನಿಗೂ ಹೋಗಬೇಕಾಗಿ ಬರುವುದು ತಪ್ಪಿಸಬಹುದಾದ ತೊಂದರೆ.

## ಹಂತ 2: ಅವಸರವಿದೆಯೇ ಎಂದು ನೋಡಿ

ವಿಶ್ರಾಂತಿಯಲ್ಲಿ ನಾಡಿ 100 ದಾಟುತ್ತಿದ್ದರೆ, ಬಡಿತ ಲಯತಪ್ಪಿದಂತೆ ಅನಿಸಿದರೆ, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬರುತ್ತಿದ್ದರೆ ಮೊದಲು ಹೃದಯದ ಕಡೆ ಗಮನ ಕೊಡಬೇಕು. ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಬಡಿತವನ್ನೂ ನಡುಕವನ್ನೂ ಬೇಗ ಹತೋಟಿಗೆ ತರುತ್ತವೆ. ಅವು ಹಾರ್ಮೋನನ್ನು ಕಡಿಮೆ ಮಾಡುವುದಿಲ್ಲ. ಆಸ್ತಮಾ ಇದ್ದವರು ಅದನ್ನು ಮರೆಯದೆ ಹೇಳಬೇಕು.

ಅರವತ್ತೈದು ದಾಟಿದವರಲ್ಲಿ ಲೆಕ್ಕವೇ ಬೇರೆ. ಅವರಿಗೆ ನಡುಕ, ಬೆವರು ಇಲ್ಲದೆ ಬರೀ ಸುಸ್ತು, ತೂಕ ಇಳಿಕೆ ಇರಬಹುದು. ಟಿ3, ಟಿ4 ಸರಿಯಾಗಿದ್ದು ಟಿಎಸ್‌ಎಚ್ ಮಾತ್ರ ನಿರಂತರವಾಗಿ 0.1ಕ್ಕಿಂತ ಕೆಳಗಿದ್ದರೂ ಈ ವಯಸ್ಸಿನಲ್ಲಿ ಚಿಕಿತ್ಸೆ ಬೇಕೆನ್ನುತ್ತಾರೆ, ಏಕೆಂದರೆ ಹೃದಯದ ಲಯ ಕೆಡುವ ಮತ್ತು ಮೂಳೆ ಸವೆಯುವ ಅಪಾಯ ಹೆಚ್ಚುತ್ತದೆ. “ಏನೂ ತೊಂದರೆ ಇಲ್ಲವಲ್ಲ, ಬಿಡಿ” ಎಂದು ಅಜ್ಜ ಅಜ್ಜಿಯರ ವರದಿಯನ್ನು ಬೀರುವಿನಲ್ಲಿಡಬೇಡಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ತೀವ್ರ ಜ್ವರದ ಜೊತೆಗೆ ಅತಿವೇಗದ ನಾಡಿ, ವಾಂತಿಭೇದಿ, ಗಾಬರಿ ಅಥವಾ ಮಂಕು, ಮಾತು ಅಸಂಬದ್ಧವಾಗುವುದು. ಹಾರ್ಮೋನು ಹತೋಟಿಯಲ್ಲಿ ಇಲ್ಲದವರಿಗೆ ಸೋಂಕು ತಗಲಿದಾಗ, ಬೇರೆ ಶಸ್ತ್ರಚಿಕಿತ್ಸೆ ಆದಾಗ ಅಥವಾ ಮಾತ್ರೆ ದಿಢೀರನೆ ಬಿಟ್ಟಾಗ ಹೀಗಾಗಬಹುದು. 108ಕ್ಕೆ ಕರೆ ಮಾಡುವ ಹೊತ್ತು ಅದು.

## ಹಂತ 3: ಗಂಟನ್ನು ಅಳೆಯಿರಿ

ಅಲ್ಟ್ರಾಸೌಂಡ್ ವರದಿಯಲ್ಲಿ ಗಂಟಿನ ಉದ್ದ, ಅಗಲ, ದಪ್ಪ ಎಂಬ ಮೂರು ಅಳತೆಗಳಿರುತ್ತವೆ. ಸೆಂಟಿಮೀಟರಿನಲ್ಲಿ ಅವುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದರೆ ಗಂಟಿನ ಗಾತ್ರ ಮಿಲಿಲೀಟರಿನಲ್ಲಿ ಸಿಗುತ್ತದೆ. 3, 2.5, 2.5 ಸೆಂಟಿಮೀಟರಿನ ಗಂಟು ಸುಮಾರು 9.8 ಮಿಲಿಲೀಟರ್, 4, 3, 3 ಆದರೆ ಸುಮಾರು 18.7. ಕಣ್ಣಿಗೆ ಒಂದು ಸೆಂಟಿಮೀಟರಿನ ವ್ಯತ್ಯಾಸವಷ್ಟೇ ಕಂಡರೂ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಮುಂದೆ ಬರುವ, ಸೂಜಿಯಿಂದ ಗಂಟನ್ನು ಕಾಯಿಸಿ ಸುಡುವ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆಯ ವಿಷಯದಲ್ಲಿ ಈ ಒಂದು ಅಂಕಿ ಹಲವು ಚರ್ಚೆಗಳನ್ನು ಮುಗಿಸಿಬಿಡುತ್ತದೆ.

ಗಾತ್ರದ ಜೊತೆಗೆ ಒತ್ತಡದ ಲಕ್ಷಣಗಳನ್ನೂ ನೋಡಿಕೊಳ್ಳಿ. ರೊಟ್ಟಿ, ಚಪಾತಿಯಂಥ ಗಟ್ಟಿ ಪದಾರ್ಥ ಗಂಟಲಲ್ಲಿ ಸಿಕ್ಕಿದಂತಾಗುವುದು, ಅಂಗಾತ ಮಲಗಿದಾಗ ಉಸಿರು ಕಟ್ಟುವುದು, ದನಿ ಒಡೆಯುವುದು. ಎರಡೂ ತೋಳುಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಿ ಒಂದು ನಿಮಿಷ ಹಿಡಿದಾಗ ಮುಖ ಕೆಂಪೇರಿ ಊದಿದಂತಾದರೆ ಅಥವಾ ಉಸಿರು ಕಷ್ಟವಾದರೆ ಗಳಗಂಡ ಎದೆಮೂಳೆಯ ಹಿಂದಕ್ಕೂ ಇಳಿದಿರಬಹುದು. ಅದನ್ನು ವೈದ್ಯರಿಗೆ ಹೇಳಿ. ಎದೆಯೊಳಗೆ ಇಳಿದ ಭಾಗ ಅಲ್ಟ್ರಾಸೌಂಡಿಗೆ ಸರಿಯಾಗಿ ಕಾಣುವುದಿಲ್ಲ, ಸಿಟಿ ಬೇಕಾಗುತ್ತದೆ; ಕಾಂಟ್ರಾಸ್ಟ್ ಇಲ್ಲದ ಸಿಟಿ ಸಾಕೇ ಎಂದು ಮೊದಲೇ ಕೇಳಿ.

## ಹಂತ 4: ಕಾರ್ಬಿಮಜೋಲ್‌ಗೆ ಅದರ ಜಾಗ ತೋರಿಸಿ

ಗ್ರೇವ್ಸ್‌ನಲ್ಲಿ ದೇಹದ ಪ್ರತಿಕಾಯಗಳು ಗ್ರಂಥಿಯನ್ನು ಕೆರಳಿಸುತ್ತವೆ. ಕಾಲಾನಂತರ ಅವು ತಣ್ಣಗಾಗಬಹುದು, ಆಗ ಮಾತ್ರೆ ನಿಲ್ಲಿಸಬಹುದು. ಗಂಟಿನಲ್ಲಿ ಹಾಗಿಲ್ಲ. ಅಲ್ಲಿನ ಜೀವಕೋಶಗಳಲ್ಲೇ, ಬಹುಮಟ್ಟಿಗೆ ಟಿಎಸ್‌ಎಚ್ ರಿಸೆಪ್ಟರಿನ (ಆ ಅಪ್ಪಣೆಯನ್ನು ಪಡೆಯುವ ಭಾಗದ) ವಂಶವಾಹಿಯಲ್ಲಿ, ಬದಲಾವಣೆಯಾಗಿ ಮೇಲಿನ ಅಪ್ಪಣೆಗೆ ಕಾಯದೆ ಅವು ಹಾರ್ಮೋನು ಮಾಡತೊಡಗಿರುತ್ತವೆ. ಈ ಬದಲಾವಣೆ ಹಿಂದಿರುಗುವುದಿಲ್ಲ. ಮಾತ್ರೆ ಇರುವಷ್ಟು ದಿನ ಉತ್ಪಾದನೆ ತಗ್ಗುತ್ತದೆ, ಬಿಟ್ಟರೆ ಮತ್ತೆ ಏರುತ್ತದೆ. ನಲ್ಲಿಯ ಬಾಯಿಗೆ ಬಟ್ಟೆ ತುರುಕಿದಂತೆ. ತೆಗೆದ ಕೂಡಲೇ ನೀರು.

ಆದ್ದರಿಂದ ಗಂಟಿನ ಕಾಯಿಲೆಯಲ್ಲಿ ಈ ಮಾತ್ರೆಗೆ ಎರಡು ನ್ಯಾಯವಾದ ಕೆಲಸಗಳಿವೆ. ಒಂದು, ಆಪರೇಷನ್ ಅಥವಾ ಅಯೋಡಿನ್ ಡೋಸಿಗೆ ಮುನ್ನ, ಅದರಲ್ಲೂ ವಯಸ್ಸಾದವರಲ್ಲಿ ಮತ್ತು ಹೃದ್ರೋಗಿಗಳಲ್ಲಿ, ಹಾರ್ಮೋನನ್ನು ಸುರಕ್ಷಿತ ಮಟ್ಟಕ್ಕೆ ತರುವುದು. ಇನ್ನೊಂದು, ಬೇರೆ ಚಿಕಿತ್ಸೆ ತಡೆಯಲಾರದಷ್ಟು ಅಶಕ್ತರಾದವರಿಗೆ ಅಥವಾ ಬೇರೆಲ್ಲವನ್ನೂ ತಿಳಿದು ಬೇಡವೆಂದವರಿಗೆ ಕಡಿಮೆ ಪ್ರಮಾಣದಲ್ಲಿ ಜೀವನಪೂರ್ತಿ ಮುಂದುವರಿಸುವುದು. ಈ ಎರಡನೆಯದು ಮರ್ಯಾದೆಗೆಟ್ಟ ಆಯ್ಕೆಯಲ್ಲ; “ಇನ್ನಾರು ತಿಂಗಳು ನೋಡೋಣ” ಎಂದು ವರ್ಷಗಳನ್ನು ಕಳೆಯುವುದಕ್ಕೂ, ಇದು ಕೊನೆಯವರೆಗೆ ಎಂದು ಒಪ್ಪಿ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತಾ ತೆಗೆದುಕೊಳ್ಳುವುದಕ್ಕೂ ಬಹಳ ಅಂತರವಿದೆ.

ಈ ಮಾತ್ರೆಯ ಮೇಲಿರುವವರು ತಿಳಿದಿರಬೇಕಾದದ್ದು: ಸಾವಿರಕ್ಕೆ ಕೆಲವರಲ್ಲಿ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಬಿಳಿ ರಕ್ತಕಣಗಳು ಅಪಾಯಕಾರಿ ಮಟ್ಟಕ್ಕೆ ಕುಸಿಯುತ್ತವೆ. ಜ್ವರ, ಗಂಟಲುನೋವು ಅಥವಾ ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ, ಅದೇ ದಿನ ರಕ್ತಕಣಗಳ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಬೇಕು. ಮಳೆಗಾಲದ ಶೀತವೆಂದು ಕಷಾಯ ಕುಡಿದು ಮಲಗುವ ಹಾಗಿಲ್ಲ. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು ಯಕೃತ್ತಿನ ತೊಂದರೆಯ ಸೂಚನೆ. ಆಗಲೂ ಇದೇ ಕ್ರಮ.

## ಹಂತ 5: ನಿಮಗೆ ಒಗ್ಗದವುಗಳನ್ನು ಹೊಡೆದುಹಾಕಿ

ಹೋಲಿಕೆಗೆ ಇಳಿಯುವ ಮುನ್ನ ಒಂದು ಹಾಳೆಯಲ್ಲಿ ಅಯೋಡಿನ್ ಡೋಸ್, ಆಪರೇಷನ್, ರೇಡಿಯೋಫ್ರೀಕ್ವೆನ್ಸಿ, ದೀರ್ಘಕಾಲದ ಮಾತ್ರೆ ಎಂದು ನಾಲ್ಕನ್ನು ಬರೆದು, ನಿಮ್ಮ ಸ್ಥಿತಿಗೆ ಒಪ್ಪದವನ್ನು ಗೆರೆ ಎಳೆದು ತೆಗೆಯಿರಿ. ಹೆಚ್ಚಿನವರಿಗೆ ಇದರಿಂದಲೇ ಎರಡು ಮಾತ್ರ ಉಳಿಯುತ್ತವೆ.

ಗರ್ಭಿಣಿಯರಿಗೆ ಅಯೋಡಿನ್ ಡೋಸ್ ಸಂಪೂರ್ಣ ನಿಷಿದ್ಧ. ಹಾಲೂಡಿಸುವ ತಾಯಿ ಅದನ್ನು ತೆಗೆದುಕೊಳ್ಳಬೇಕಾದರೆ ಕನಿಷ್ಠ ಆರು ವಾರ ಮೊದಲೇ ಹಾಲು ಬಿಡಿಸಿರಬೇಕು, ಆ ಮಗುವಿಗೆ ಮತ್ತೆ ಎದೆಹಾಲು ಕೊಡುವಂತಿಲ್ಲ. ಆರು ತಿಂಗಳೊಳಗೆ ಮಗು ಬೇಕೆಂದಿರುವ ಮಹಿಳೆಯರೂ ಇದನ್ನು ಬಿಡಬೇಕು. ಪುರುಷರಿಗೂ ಮೂರು ನಾಲ್ಕು ತಿಂಗಳ ಕಾಯುವಿಕೆ ಹೇಳುತ್ತಾರೆ. ಗರ್ಭಧಾರಣೆಯ ಯೋಚನೆ ಇರುವವರು ಕಾರ್ಬಿಮಜೋಲ್ ಬಗ್ಗೆಯೂ ಮೊದಲೇ ಕೇಳಬೇಕು, ಏಕೆಂದರೆ ಗರ್ಭದ ಆರಂಭದ ವಾರಗಳಲ್ಲಿ ಅದು ಶಿಶುವಿನ ಬೆಳವಣಿಗೆಗೆ ತೊಂದರೆ ಮಾಡಬಲ್ಲದು. ಮದುವೆಯಾಗಿ ಒಂದೆರಡು ವರ್ಷವಾಗಿರುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಮನೆಯ ಹಿರಿಯರ ಮುಂದೆ ಬರದೆ ಉಳಿದುಬಿಡುತ್ತದೆ. ವೈದ್ಯರ ಬಳಿ ಒಬ್ಬರೇ ಮಾತಾಡಲು ಐದು ನಿಮಿಷ ಕೇಳಿಕೊಳ್ಳಿ.

ಗಂಟಲು ಅಥವಾ ಶ್ವಾಸನಾಳ ಒತ್ತುತ್ತಿರುವ ದೊಡ್ಡ ಗಳಗಂಡ, ಕ್ಯಾನ್ಸರಿನ ಅನುಮಾನ, ಜೊತೆಯಲ್ಲೇ ಪ್ಯಾರಾಥೈರಾಯ್ಡ್ ಗ್ರಂಥಿಯ (ಥೈರಾಯ್ಡಿನ ಹಿಂದಿದ್ದು ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪುಟ್ಟ ಗ್ರಂಥಿಗಳ) ಕಾಯಿಲೆ, ಇವುಗಳಲ್ಲಿ ಯಾವುದಿದ್ದರೂ ತಕ್ಕಡಿ ಆಪರೇಷನ್ ಕಡೆಗೆ ವಾಲುತ್ತದೆ. ಇದಕ್ಕೆ ವಿರುದ್ಧವಾಗಿ, ಅರಿವಳಿಕೆ ತಡೆಯದ ಹೃದಯ ಅಥವಾ ಶ್ವಾಸಕೋಶ, ಹಿಂದೊಮ್ಮೆ ಕತ್ತಿನ ಶಸ್ತ್ರಚಿಕಿತ್ಸೆ ಅಥವಾ ರೇಡಿಯೇಶನ್ ಆಗಿರುವುದು, ಇಳಿವಯಸ್ಸು ಇದ್ದರೆ ಅಯೋಡಿನ್ ಡೋಸ್ ಮುಂದೆ ಬರುತ್ತದೆ. ಹಲವು ಗಂಟುಗಳು ಒಟ್ಟಿಗೆ ದುಡಿಯುತ್ತಿದ್ದರೆ ರೇಡಿಯೋಫ್ರೀಕ್ವೆನ್ಸಿಗೆ ಗೆರೆ ಎಳೆಯಬಹುದು.

## ಹಂತ 6: ಉಳಿದವನ್ನು ತೂಗಿ ನೋಡಿ

ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಕೇಳಿದವರನ್ನು ಅವಲಂಬಿಸುತ್ತದೆ: ಶಸ್ತ್ರಚಿಕಿತ್ಸಕರು ಒಂದು ಹೇಳುತ್ತಾರೆ, ನ್ಯೂಕ್ಲಿಯರ್ ಮೆಡಿಸಿನ್ ತಜ್ಞರು ಇನ್ನೊಂದು. ಪ್ರತಿಯೊಂದರ ಕುರಿತೂ ಇವನ್ನೇ ಕೇಳಿ: ಎಷ್ಟು ದಿನದಲ್ಲಿ ಫಲ, ಎರಡನೇ ಬಾರಿ ಬೇಕಾಗುವ ಸಂಭವವೆಷ್ಟು, ಮುಂದೆ ದಿನಾ ಥೈರಾಕ್ಸಿನ್ ಮಾತ್ರೆ ಬೇಕಾದೀತೇ, ಮತ್ತೆ ಸರಿಪಡಿಸಲಾಗದ ತೊಂದರೆ ಯಾವುದು.

### ಅಯೋಡಿನ್ ಡೋಸ್

ಕ್ಯಾಪ್ಸೂಲ್ ಅಥವಾ ದ್ರವದ ರೂಪದಲ್ಲಿ ಒಮ್ಮೆ ನುಂಗುವ ವಿಕಿರಣಶೀಲ ಅಯೋಡಿನ್ 131 ಇದು. ಅರ್ಧಾಯು ಎಂಟು ದಿನ. ದುಡಿಯುವ ಗಂಟು ಅದನ್ನು ಹೀರಿಕೊಂಡು ಒಳಗಿಂದಲೇ ಸುಟ್ಟುಹೋಗುತ್ತದೆ, ಮಲಗಿರುವ ಆರೋಗ್ಯವಂತ ಭಾಗ ಬಹುಪಾಲು ಉಳಿಯುತ್ತದೆ. ಒಂಟಿ ಗಂಟಿಗೆ 10ರಿಂದ 20 ಮಿಲಿಕ್ಯೂರಿ (ವಿಕಿರಣದ ಅಳತೆ) ಕೊಡುವುದು ವಾಡಿಕೆ. ಕಿಮೋಥೆರಪಿಯಂತೆ ಕೂದಲು ಉದುರೀತೆಂದು ಹೆದರುವವರಿದ್ದಾರೆ. ಇದು ಆ ಬಗೆಯ ಚಿಕಿತ್ಸೆಯಲ್ಲ.

ಫಲ ನಿಧಾನ. ಒಂಟಿ ಗಂಟಿನವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಹಾರ್ಮೋನು ಮೂರು ತಿಂಗಳಲ್ಲಿ ಹತೋಟಿಗೆ ಬರುತ್ತದೆ. ಹಲವು ಗಂಟುಗಳಿರುವವರಲ್ಲಿ ಮೂರು ತಿಂಗಳಿಗೆ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ, ಆರು ತಿಂಗಳಿಗೆ ಸುಮಾರು ಶೇ. 80 ಮಂದಿಗೆ. ಐವರಲ್ಲಿ ಒಬ್ಬರವರೆಗೂ ಎರಡನೇ ಡೋಸ್ ಬೇಕಾಗಬಹುದು. ಗಂಟು ಮೂರನೇ ಒಂದರಿಂದ ಅರ್ಧದಷ್ಟು ಕುಗ್ಗುತ್ತದೆ, ಪೂರ್ತಿ ಮಾಯವಾಗುವುದಿಲ್ಲ. ಕತ್ತು ನುಣುಪಾಗಬೇಕೆಂಬ ಆಸೆಯಿದ್ದವರಿಗೆ ಇಲ್ಲಿ ನಿರಾಶೆಯಾಗುತ್ತದೆ. ಕಾಲ ಕಳೆದಂತೆ ಹಾರ್ಮೋನು ಕೊರತೆಯಾಗುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಒಂಟಿ ಗಂಟಿಗೆ ಡೋಸ್ ಪಡೆದವರನ್ನು ದೀರ್ಘಕಾಲ ಗಮನಿಸಿದ ಒಂದು ಗುಂಪಿನಲ್ಲಿ ಹತ್ತು ವರ್ಷಕ್ಕೆ ಅರ್ಧಕ್ಕೆ ಹತ್ತಿರದಷ್ಟು ಜನ ಆ ಸ್ಥಿತಿ ತಲುಪಿದ್ದರು.

### ಆಪರೇಷನ್

ಒಂಟಿ ಗಂಟಿಗೆ ಗ್ರಂಥಿಯ ಆ ಅರ್ಧವನ್ನು ಮಾತ್ರ ತೆಗೆಯುತ್ತಾರೆ, ಹಲವು ಗಂಟುಗಳಿದ್ದರೆ ಬಹುತೇಕ ಇಡೀ ಗ್ರಂಥಿಯನ್ನು. ಹಾರ್ಮೋನಿನ ಅಬ್ಬರ ದಿನಗಳಲ್ಲೇ ನಿಲ್ಲುತ್ತದೆ, ಅದು ಮರಳುವ ಸಂಭವ ನೂರಕ್ಕೆ ಒಂದರಷ್ಟು, ತೆಗೆದ ಗಂಟು ಪ್ರಯೋಗಾಲಯದ ಪರೀಕ್ಷೆಗೂ ಸಿಗುತ್ತದೆ. ಅರ್ಧ ಉಳಿದವರಲ್ಲಿ ಹಲವರಿಗೆ ಮಾತ್ರೆಯೇ ಬೇಕಾಗುವುದಿಲ್ಲ. ಪೂರ್ತಿ ತೆಗೆಸಿಕೊಂಡವರಿಗೆ ಥೈರಾಕ್ಸಿನ್ ಜೀವನಪೂರ್ತಿ ಖಂಡಿತ. ಅದರ ಆರಂಭದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ, ಅಂದರೆ 60 ಕಿಲೋ ಇರುವವರಿಗೆ ನೂರರ ಆಸುಪಾಸು.

ಅಪಾಯಗಳು ಅಪರೂಪವಾದರೂ ದೊಡ್ಡವು. ದನಿಯ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ಇಳಿಯುತ್ತದೆ. ಅನುಭವಿಗಳ ಕೈಯಲ್ಲಿ ಇವು ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಂದೆರಡು ಮಂದಿಯಲ್ಲಿ. ಶಿಕ್ಷಕರು, ಹಾಡುಗಾರರು, ಅಂಗಡಿಯಲ್ಲಿ ಕೂಗಿ ವ್ಯಾಪಾರ ಮಾಡುವವರು ಈ ಸಾಲನ್ನು ಎರಡು ಬಾರಿ ಓದಬೇಕು.

### ರೇಡಿಯೋಫ್ರೀಕ್ವೆನ್ಸಿ

ಜಾಗವನ್ನು ಮಾತ್ರ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತಾ ತೆಳುವಾದ ಸೂಜಿಯ ತುದಿಯಿಂದ ಗಂಟನ್ನು ಕಾಯಿಸಿ ಸುಡುವ ವಿಧಾನ. ಗಾಯದ ಗೆರೆಯಿಲ್ಲ, ವಿಕಿರಣವಿಲ್ಲ, ಉಳಿದ ಗ್ರಂಥಿಗೆ ಹಾನಿ ಕಡಿಮೆ. ಆಕರ್ಷಕವಾಗಿ ಕೇಳಿಸುತ್ತದೆ, ಅದಕ್ಕೇ ಇಲ್ಲಿ ತಪ್ಪು ಆಯ್ಕೆಗಳೂ ಹೆಚ್ಚು. ಹಂತ 3ರಲ್ಲಿ ಲೆಕ್ಕಹಾಕಿದ ಗಾತ್ರವನ್ನು ಈಗ ನೋಡಿ: 10–12 ಮಿಲಿಲೀಟರಿಗಿಂತ ಸಣ್ಣ ಒಂಟಿ ಗಂಟಿನಲ್ಲಿ ಟಿಎಸ್‌ಎಚ್ ಸರಿಹೋಗುವ ಸಾಧ್ಯತೆ ಚೆನ್ನಾಗಿದೆ, ಗಂಟು ಅದಕ್ಕಿಂತ ದೊಡ್ಡದಾದರೆ ಆ ಸಾಧ್ಯತೆ ಬಹಳವೇ ಇಳಿಯುತ್ತದೆ. ಅಂಚಿನಲ್ಲಿ ಸುಡದೆ ಉಳಿದ ತುಣುಕು ಮತ್ತೆ ದುಡಿಯುತ್ತದೆ. ಗಂಟು ಕುಗ್ಗಿದ್ದನ್ನು ಯಶಸ್ಸೆಂದು ತೋರಿಸುವವರಿಗೆ “ಟಿಎಸ್‌ಎಚ್ ಎಷ್ಟು ಜನರಿಗೆ ಸರಿಯಾಯಿತು?” ಎಂದು ಕೇಳಿ. ಎರಡೂ ಒಂದೇ ಅಲ್ಲ.

## ಹಂತ 7: ಮಾಡುವವರನ್ನು ಪ್ರಶ್ನಿಸಿ

ಶಸ್ತ್ರಚಿಕಿತ್ಸಕರಲ್ಲಿ ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ ಎಂದು ಕೇಳುವುದು ಉದ್ಧಟತನವಲ್ಲ. ವರ್ಷಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಮಾಡುವವರ ಕೈಯಲ್ಲಿ ತೊಂದರೆಗಳು ಕಡಿಮೆ ಎಂಬುದು ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಕಂಡಿದೆ. “ಡಾಕ್ಟ್ರೇ, ದನಿಯ ನರದ ತೊಂದರೆ ನಿಮ್ಮ ರೋಗಿಗಳಲ್ಲಿ ಎಷ್ಟು ಜನಕ್ಕೆ ಆಗಿದೆ?” ಎಂದು ನೇರವಾಗಿ ಕೇಳಿದರೆ ಅನುಭವಿಗಳು ಬೇಸರಿಸಿಕೊಳ್ಳುವುದಿಲ್ಲ.

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇಲ್ಲ. ಊರಿಂದ ಎಷ್ಟು ಬಾರಿ ಓಡಾಡಬೇಕು, ಸ್ಕ್ಯಾನ್ ಮತ್ತು ಡೋಸ್ ಒಂದೇ ಕಡೆ ಆಗುತ್ತವೆಯೇ, ಮುಂದಿನ ರಕ್ತಪರೀಕ್ಷೆಗಳನ್ನು ಊರಲ್ಲೇ ಮಾಡಿಸಿ ವರದಿ ಕಳಿಸಬಹುದೇ ಎಂದು ಕೇಳಿಕೊಳ್ಳಿ. ವಿಮೆ ಅಥವಾ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಸೇರಿದೆಯೇ, ರೆಫರಲ್ ಪತ್ರ ಬೇಕೇ ಎಂಬುದು ದಾಖಲಾಗುವ ಮುನ್ನವೇ ಗೊತ್ತಿರಬೇಕು, ಬಿಲ್ ಕೈಗೆ ಬಂದ ಮೇಲಲ್ಲ.

## ಹಂತ 8: ಸಿದ್ಧತೆ

ಅಯೋಡಿನ್ ಡೋಸಿಗೆ: ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಡೋಸಿಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ, ಬೇಕಾದವರಿಗೆ ಮೂರರಿಂದ ಏಳು ದಿನಗಳ ನಂತರ ಮತ್ತೆ ಶುರುಮಾಡಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ಮಾತ್ರೆ ಹೆಚ್ಚಾಗಿ ಟಿಎಸ್‌ಎಚ್ ಏರಿರುವಾಗ ಡೋಸ್ ಕೊಟ್ಟರೆ, ಎಚ್ಚೆತ್ತ ಆರೋಗ್ಯವಂತ ಭಾಗವೂ ಅಯೋಡಿನ್ ಹೀರಿ ಸುಟ್ಟುಹೋಗುತ್ತದೆ, ಮುಂದೆ ಕೊರತೆ ಬೇಗ ಬರುತ್ತದೆ. ಆದ್ದರಿಂದ ಡೋಸಿನ ಮುನ್ನದ ಟಿಎಸ್‌ಎಚ್ ಇನ್ನೂ ಕೆಳಗೇ ಇದೆಯೇ ಎಂದು ಕೇಳಿ ತಿಳಿಯಿರಿ. ಹೆರುವ ವಯಸ್ಸಿನ ಮಹಿಳೆಯರಿಗೆ ಡೋಸಿನ 48 ಗಂಟೆಯೊಳಗೆ ಗರ್ಭಪರೀಕ್ಷೆ ಆಗಿರಬೇಕು. ಅಯೋಡಿನ್ ಇರುವ ಟಾನಿಕ್, ಸಮುದ್ರಪಾಚಿಯ ಕ್ಯಾಪ್ಸೂಲುಗಳನ್ನು ಬಿಡಿ. ಅಡುಗೆಯ ಉಪ್ಪು ಬದಲಿಸುವುದು ವೈದ್ಯರು ಹೇಳಿದರೆ ಮಾತ್ರ.

ಮನೆಗೆ ಬಂದ ಮೇಲೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಅನುಸಾರ ಆಸ್ಪತ್ರೆ ಕೊಡುವ ಚೀಟಿಯೇ ಪ್ರಮಾಣ: ಬೇರೆ ಹಾಸಿಗೆ, ಪುಟ್ಟ ಮಕ್ಕಳಿಂದ ಮತ್ತು ಗರ್ಭಿಣಿಯರಿಂದ ಆರಡಿ ದೂರ, ಶೌಚಾಲಯದಲ್ಲಿ ಎರಡು ಬಾರಿ ನೀರು, ಬಟ್ಟೆ ಪಾತ್ರೆ ಪ್ರತ್ಯೇಕ. ಒಂದೇ ಕೋಣೆಯ ಮನೆಯಲ್ಲಿ ಎರಡು ವರ್ಷದ ಮಗುವಿದ್ದರೆ ದಿನ ನಿಗದಿಯಾಗುವ ಮೊದಲೇ ಮಗುವನ್ನು ಅಜ್ಜಿಯ ಮನೆಗೆ ಕಳಿಸುವ ಏರ್ಪಾಡಾಗಲಿ. ವಿದೇಶ ಪ್ರಯಾಣವಿದ್ದರೆ ಆಸ್ಪತ್ರೆಯಿಂದ ಪತ್ರ ಪಡೆದಿಟ್ಟುಕೊಳ್ಳಿ. ವಿಮಾನ ನಿಲ್ದಾಣಗಳ ವಿಕಿರಣ ಶೋಧಕಗಳು ವಾರಗಟ್ಟಲೆ, ಕೆಲವೊಮ್ಮೆ ಮೂರು ತಿಂಗಳವರೆಗೂ ಸದ್ದು ಮಾಡಬಹುದು.

ಆಪರೇಷನ್ನಿಗೆ: ಟಿ3, ಟಿ4 ಹತೋಟಿಗೆ ಬರದೆ ದಿನ ಗೊತ್ತುಮಾಡಬಾರದು. ಗ್ರೇವ್ಸ್ ರೋಗಿಗಳಿಗೆ ಮುನ್ನ ಕೊಡುವ ಅಯೋಡಿನ್ ಹನಿಗಳು ಗಂಟಿನವರಿಗಲ್ಲ. ಗಂಟಿಗೆ ಅಯೋಡಿನ್ ಎಂದರೆ ಕಚ್ಚಾಮಾಲು. ಯಾರದೋ ಹಳೆಯ ಚೀಟಿ ನೋಡಿ ಕುಡಿಯಬೇಡಿ. ದನಿಯಲ್ಲಿ ಮೊದಲೇ ಬದಲಾವಣೆಯಿದ್ದರೆ ಧ್ವನಿತಂತುಗಳ ಪರೀಕ್ಷೆ ಆಗಲಿ.

## ಹಂತ 9: ಚಿಕಿತ್ಸೆಯ ನಂತರದ ಲೆಕ್ಕ

ಆಪರೇಷನ್ನಿನ ಮೊದಲ 24 ಗಂಟೆಗಳಲ್ಲಿ ಕತ್ತು ಏಕಾಏಕಿ ಊದಿ ಉಸಿರು ಕಟ್ಟಿದರೆ ಒಳಗೆ ರಕ್ತ ಸೋರುತ್ತಿದೆ ಎಂದರ್ಥ. ನರ್ಸನ್ನು ಆ ಕ್ಷಣವೇ ಕರೆಯಬೇಕು. ಇಡೀ ಗ್ರಂಥಿ ತೆಗೆಸಿಕೊಂಡವರಿಗೆ ನಂತರದ ದಿನಗಳಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನಿಸುವುದು, ಕೈಬೆರಳು ಸೆಟೆದುಕೊಳ್ಳುವುದು ಕ್ಯಾಲ್ಸಿಯಂ ಇಳಿದಿರುವ ಗುರುತು. ಅರ್ಧ ತೆಗೆಸಿಕೊಂಡವರು ನಾಲ್ಕರಿಂದ ಆರು ವಾರಕ್ಕೆ ಟಿಎಸ್‌ಎಚ್ ಮಾಡಿಸಬೇಕು.

ಅಯೋಡಿನ್ ಪಡೆದವರು ಒಂದೆರಡು ತಿಂಗಳಲ್ಲಿ ಮೊದಲ ಪರೀಕ್ಷೆ ಮಾಡಿಸಿ, ಆಮೇಲೆ ಆರು ತಿಂಗಳವರೆಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಮುಂದುವರಿಸಬೇಕು. ಈ ಅವಧಿಯಲ್ಲಿ ಟಿಎಸ್‌ಎಚ್ ಒಂದನ್ನೇ ನಂಬಬೇಡಿ. ಬಹುಕಾಲ ಅದುಮಿಟ್ಟ ಟಿಎಸ್‌ಎಚ್ ಎಚ್ಚರಗೊಳ್ಳಲು ವಾರಗಳು ಹಿಡಿಯುತ್ತವೆ. ಅದು ಇನ್ನೂ ಕಡಿಮೆ ಇದೆಯೆಂದು ಕಾರ್ಬಿಮಜೋಲ್ ಮುಂದುವರಿಸಿದವರ ಟಿ4 ಅಷ್ಟರಲ್ಲಿ ಕೊರತೆಗೆ ಜಾರಿರಬಹುದು. ಟಿ4, ಟಿ3, ಟಿಎಸ್‌ಎಚ್ ಮೂರೂ ಒಂದೇ ಚೀಟಿಯಲ್ಲಿರಲಿ. ಆರು ತಿಂಗಳು ಕಳೆದೂ ಹಾರ್ಮೋನು ಇಳಿಯದಿದ್ದರೆ ಎರಡನೇ ಡೋಸಿನ ಮಾತು ಎತ್ತುವ ಸಮಯ ಅದು, ಅದಕ್ಕಿಂತ ಮೊದಲು ಸಾಮಾನ್ಯವಾಗಿ ಬೇಡ.

ಎಲ್ಲವೂ ಸರಿಹೋದ ಮೇಲೂ ವರ್ಷಕ್ಕೊಮ್ಮೆ ಟಿಎಸ್‌ಎಚ್ ತಪ್ಪಿಸಬಾರದು. ಅಯೋಡಿನ್ ಪಡೆದವರಿಗೆ ಕೊರತೆ ಬರುವುದು ಹತ್ತು ವರ್ಷ ಕಳೆದೂ ಇರಬಹುದು. ಆಗ ತೂಕ ಏರುವುದನ್ನೂ ಮಲಬದ್ಧತೆಯನ್ನೂ ವಯಸ್ಸಿನ ಮೇಲೆ ಹಾಕಿ ಬಿಡುವುದು ಸುಲಭ. ಡೋಸ್ ಪಡೆದ ದಿನಾಂಕ ಮತ್ತು ಮಿಲಿಕ್ಯೂರಿಯನ್ನು ಫೈಲಿನ ಮೊದಲ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ, ಮುಂದೆ ನೋಡುವ ವೈದ್ಯರು ಬೇರೆಯವರಾಗಿರುತ್ತಾರೆ.